ಕೆಂಪು ಕಿಂಡಿ

“ಕತ್ತು ವಾಲ್ತದೆ ಕಣ್ಲಾ, ಅತ್ಲಾಗಿಂದ ಒತ್ತು ಕೊಡು,” ಎಂದು ನಿಂಗಯ್ಯ ಕೂಗಿದ.

ಇಬ್ಬರು ಕಂಕುಳಿಗೆ ಕೈಕೊಟ್ಟು ಪುಟ್ಟಮಾದಯ್ಯ ಮೇಷ್ಟ್ರನ್ನು ಜಗಲಿಯ ಮೇಲೆ ಎತ್ತಿ ಕೂರಿಸಿದರು. ಬೆನ್ನಿಗೆ ಹುಲ್ಲಿನ ಹೊರೆ ಇಟ್ಟರು. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿ, ಅದು ಕಾಣದ ಹಾಗೆ ಅವರ ಶಾಲೆಯ ಪೇಟವನ್ನೇ ತೊಡಿಸಿದರು. ಮೂರು ದಿನದ ಜ್ವರ ಕೆನ್ನೆಗಳನ್ನಷ್ಟೇ ಒಳಗೆಳೆದಿತ್ತು. ಹೊಸ್ತಿಲ ಬಳಿ ಕೂತಿದ್ದ ಹೆಂಡತಿ ಶಿವನಂಜಮ್ಮನಿಗೆ ಅವರು ಶಾಲೆಗೆ ಹೊರಟು, ಯಾಕೋ ಸುಮ್ಮನೆ ಕೂತವರ ಹಾಗೆ ಕಂಡರು. ಬೆಳಗಿನಿಂದ ಹೆಂಗಸರು ಅವಳನ್ನು ಅಳಿಸಲು ನೋಡಿ ಸೋತಿದ್ದರು.

“ಒಂದು ಪಟ ತೆಗೀಬೇಕಲ್ಲಪ್ಪ,” ಎಂದ ನಿಂಗಯ್ಯ. ಅವನು ಸತ್ತವರ ಚಿಕ್ಕಪ್ಪ. “ಊರೋರ ಹೆಣಕ್ಕೆಲ್ಲ ಇವ್ನೇ ಪಟ ತೆಗ್ದ. ಇವನ್ದೇ ಒಂದೂ ಇಲ್ಲ.”

“ಯಾರು ತೆಗೀತಾರೆ?”

“ಶಿವನಂಜಿ ತೆಗೀಲಿ. ಎಂಟು ವರ್ಸ ಪಕ್ಕದಲ್ಲೇ ನಿಂತು ನೋಡವ್ಳೆ.”

ಅತ್ತೆ ಅಂಕಮ್ಮ ಮಗನ ಕಾಲ ಬುಡದಿಂದ ತಲೆಯೆತ್ತಿದಳು. “ಡಬ್ಬಿ ತತ್ತಾ ಮಗ. ಮಣ್ಗೆ ಆಕೋ ಮುಂಚೆ ನನ್ ಕಂದನ ಮಕ ಒಂದಾರಾ ಉಳೀಲಿ.”

ಶಿವನಂಜಮ್ಮ ಎದ್ದು ಒಳಗೆ ಹೋದಳು. ಗೋಡೆಯ ಗೂಡಿನಲ್ಲಿ ಆ ಕಪ್ಪು ಡಬ್ಬಿ ಕ್ಯಾಮರಾ ಇತ್ತು. ಮೂಲೆಯ ಚರ್ಮ ಕಿತ್ತಿತ್ತು. ಹಿಡಿಯ ಜಾಗದಲ್ಲಿ ಸೈಕಲ್ ಟ್ಯೂಬಿನ ಪಟ್ಟಿ. ಅದು ಖಾಲಿ ಡಬ್ಬಿಯೆಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ.

*

ಎಂಟು ವರ್ಷದ ಹಿಂದೆ, ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಏರಿಸಿದ ವರ್ಷ. ಅವಳು ಮಳವಳ್ಳಿಯಿಂದ ವೈದ್ಯನಾಥಪುರಕ್ಕೆ ಸೊಸೆಯಾಗಿ ಬಂದು ತಿಂಗಳಾಗಿತ್ತು. ಒಂದು ಸಂಜೆ ಗಂಡ ಮದ್ದೂರಿನಿಂದ ನಡೆದುಕೊಂಡು ಬಂದರು.

“ಸೈಕಲ್ಲೆಲ್ಲೋ?” ಎಂದಳು ಅಂಕಮ್ಮ.

“ಶಫೀವುಲ್ಲಾನ ಅಂಗಡೀಲದೆ. ಇನ್ಮ್ಯಾಕೆ ಅಲ್ಲೇ ಇರ್ತದೆ.”

ಶಫೀವುಲ್ಲಾ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುವವನು. ಬೆಂಗಳೂರಿನ ಯಾವುದೋ ದೊರೆಯ ಕ್ಯಾಮರಾ ಎರಡು ಕೈ ದಾಟಿ ಅವನ ಅಂಗಡಿಗೆ ಬಂದಿತ್ತು. ಮೇಷ್ಟ್ರು ವಾರವಿಡೀ ಶಾಲೆ ಬಿಟ್ಟ ಮೇಲೆ ಅದರ ಮುಂದೆ ನಿಂತು, ಕೊನೆಗೆ ಸೈಕಲ್ಲನ್ನೇ ಕೊಟ್ಟು ತಂದಿದ್ದರು.

“ಓಡೋ ಸೈಕಲ್ ಕೊಟ್ಬುಟ್ಟು ಕುಂತ್ಕಳೋ ಡಬ್ಬಿ ತಂದವ್ನೆ ನನ್ ಮಗ!” ಎಂದು ಅಂಕಮ್ಮ ಕೇರಿಗೆಲ್ಲ ಕೇಳುವಂತೆ ಹೇಳಿದಳು.

ಅವರು ಹೆಂಡತಿಯನ್ನು ಹಿತ್ತಿಲಿಗೆ ಕರೆದು ತೋರಿಸಿದರು. ಹಿಂಭಾಗದಲ್ಲಿ ಗುಲಗಂಜಿಯಷ್ಟು ಕೆಂಪು ಗಾಜಿನ ಕಿಂಡಿ. ಕೀಲಿ ತಿರುಗಿಸಿದರೆ ಅದರಲ್ಲಿ ಅಂಕಿ ಮೂಡುತ್ತದೆ. ಒಳಗೆ ಹಾಕುವ ಒಂದು ಫಿಲ್ಮ್ ರೋಲಿಗೆ ಎಂಟು ಪಟ.

“ಒಂದ್ನೇದ್ರಲ್ಲಿ ನಾನೇ ಇವ್ನಿ. ಶಫಿ ಅಂಗಡಿ ಮುಂದೆ ನಿಲ್ಸಿ ತೆಗ್ದ.”

“ಎಲ್ಲಿ, ತೋರ್ಸಿ,” ಎಂದಳು ಅವಳು. ಮದುವೆಯಾದ ಮೇಲೆ ಗಂಡನನ್ನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಅವರಿಗೂ ನೋಡುವ ಆಸೆಯಿತ್ತು. ಕೊಂಡಿ ತೆಗೆದರು. ಸಂಜೆಯ ಬಿಸಿಲಲ್ಲಿ ರೋಲು ಎಳೆದರು. ಹಾಲಿನ ಕೆನೆಯಂಥ ಪಟ್ಟಿ ಸುರುಳಿ ಬಿಚ್ಚಿ ಬಂತು. ಇಬ್ಬರೂ ತಲೆಗೆ ತಲೆ ಕೊಟ್ಟು ಅದರಲ್ಲಿ ಮುಖ ಹುಡುಕಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

ಮಾರನೆಯ ದಿನ ಶಫೀವುಲ್ಲಾ ಹಣೆ ಚಚ್ಚಿಕೊಂಡನಂತೆ. “ಬೆಳಕು ಬಿಟ್ರಾ ಮೇಷ್ಟ್ರೇ? ತೊಳ್ಸೋಕ್ಮುಂಚೆ ಬೆಳಕು ತಾಕಿದ್ರೆ ಎಲ್ಲಾ ಸುಟ್ಟೋಗ್ತದೆ.”

ಆಮೇಲೆ ಅವರು ಕ್ಯಾಮರಾದ ಮುಂದೆ ನಿಲ್ಲಲಿಲ್ಲ. ಯಾವಾಗಲೂ ಹಿಂದೆ. “ನೀನು ಕಲ್ತ್ಕೊ ನಂಜು, ನಿನ್ ಕೈಲೇ ತೆಗಿಸ್ಕೋತೀನಿ,” ಎನ್ನುತ್ತಿದ್ದರು. “ನಾಳೀಕೆ,” ಎನ್ನುತ್ತಿದ್ದಳು ಅವಳು.

*

ಡಬ್ಬಿ ಹಿಡಿದು ಜಗಲಿಗೆ ಬಂದಾಗ ಜನ ದಾರಿ ಬಿಟ್ಟರು. ಅವಳು ಗಂಡನೆದುರು ನಿಂತಳು. ಸುಮ್ಮನೆ ಒಮ್ಮೆ ಟಕ್ಕೆನ್ನಿಸಿದರೆ ಎಲ್ಲರಿಗೂ ಸಮಾಧಾನ. ಯುದ್ಧದ ಅಷ್ಟೂ ವರ್ಷ ಅವರು ಮಾಡಿದ್ದು ಅದನ್ನೇ. ಆದರೆ ಅವಳ ಕೈ ಮೇಲೇಳಲಿಲ್ಲ.

“ಇದು ಖಾಲಿ,” ಎಂದಳು.

“ಅಂಗಂದ್ರೆ?”

“ಒಳಗೆ ರೋಲಿಲ್ಲ. ಯುದ್ಧ ಬಂದ್ಮೇಲೆ ರೋಲು ಸಿಗ್ತಿರ್ಲಿಲ್ಲ.”

ಗುಂಪಿನಲ್ಲಿದ್ದ ಹೊಂಬಾಳಮ್ಮ ಮುಂದೆ ಬಂದಳು. ನಾಲ್ಕು ವರ್ಷದ ಹಿಂದೆ ಅವಳ ಮಗ ತಿಮ್ಮಯ್ಯ ಮಿಲಿಟರಿಗೆ ಹೊರಟಾಗ ಹೊಸ ಶರಟು ತೊಡಿಸಿ ಇದೇ ಜಗಲಿಗೆ ಕರೆತಂದಿದ್ದಳು. ಮೇಷ್ಟ್ರು ರೋಲಿಲ್ಲ ಎನ್ನಲು ಬಾಯಿ ತೆರೆದು, ಆ ತಾಯಿಯ ಮುಖ ನೋಡಿ ಮುಚ್ಚಿಕೊಂಡಿದ್ದರು. ತಿಮ್ಮಯ್ಯ ಬರ್ಮಾದಿಂದ ವಾಪಸು ಬರಲಿಲ್ಲ.

“ಅಂಗಾರೆ ನಮ್ ತಿಮ್ಮಂದು?” ಎಂದಳು ಹೊಂಬಾಳಮ್ಮ.

ಶಿವನಂಜಮ್ಮ ಡಬ್ಬಿಯ ಟ್ಯೂಬಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಮೈಸೂರ್ಗೆ ತೊಳ್ಯಾಕೆ ಕಳ್ಸಿವ್ನಿ ಅಂದ್ರಲ್ಲವ್ವ. ವರ್ಸವರ್ಸಾನೂ ಕೇಳ್ದೆ. ಬತ್ತದೆ ಬತ್ತದೆ ಅಂದ್ರು. ಪಟ ತಗಲಾಕಾಕೆ ನಮ್ಮನೆ ಗೋಡೇಲಿ ಮೊಳೆ ಒಡ್ದು ಮಡಗಿವ್ನಿ ಕಣವ್ವ ನಾನು!” ಅವಳು ಹೆಣದ ಕಡೆ ತಿರುಗಿದಳು. “ಇದ್ಯಾಕೆ ಇಂಗ್ ಮಾಡ್ದೆ ಮೇಷ್ಟ್ರೇ?”

ನಿಂಗಯ್ಯ, “ಬುಡವ್ವ, ಸತ್ತೋನ್ನ ಏನು ಕೇಳೀಯೆ,” ಎಂದ. ಅವಳು ಬಿಡಲಿಲ್ಲ. ನಿಂತೇ ಇದ್ದಳು.

ಅಷ್ಟರಲ್ಲಿ ಬೀದಿಯಲ್ಲಿ ಸೈಕಲ್ಲಿನ ಸದ್ದಾಯಿತು. ಶಫೀವುಲ್ಲಾ ಬೇಲಿಗೆ ಸೈಕಲ್ ಒರಗಿಸಿ, ಟೋಪಿ ಸರಿಮಾಡಿಕೊಂಡು ಒಳಗೆ ಬಂದ. ಅದೇ ಹಳೇ ಸೈಕಲ್ಲು. ಜಗಲಿಯ ಮೇಲೆ ಕೂತವರನ್ನು ಬಹಳ ಹೊತ್ತು ನೋಡಿದ. ಯಾರೋ ಅವನ ಕಿವಿಯಲ್ಲಿ ವಿಷಯ ಹೇಳಿದರು.

“ಖಾಲಿ ಅಂದ್ರಾ?” ಎಂದ. “ಇಲ್ಲಮ್ಮ. ಬೆಂಗ್ಳೂರಿಂದ ಒಂದು ರೋಲು ತರ್ಸಿದ್ದೆ. ಹೋದ ಶುಕ್ರವಾರ ನಾನೇ ಹಾಕ್ಕೊಟ್ಟೆ. ಮನೆಯವ್ರಿಗೆ ಹೇಳ್ಬೇಡ ಶಫಿ, ಮೊದ್ಲು ಅವ್ಳದ್ದೇ ಒಂದು ತೆಗ್ದು, ತೊಳ್ಸಿ ತೋರಿಸ್ತೀನಿ ಅಂದ್ರು. ನೋಡಿ ಬೇಕಾದ್ರೆ.”

ಅವಳು ಡಬ್ಬಿ ತಿರುಗಿಸಿದಳು. ಕೆಂಪು ಕಿಂಡಿಯಲ್ಲಿ ಎರಡು ಎಂಬ ಅಂಕಿ ಇತ್ತು.

*

ಕಳೆದ ಭಾನುವಾರ ಅವಳು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ನಂಜು, ಒಸಿ ತಲೆ ಎತ್ತು.”

“ಖಾಲಿ ಡಬ್ಬಿ ಆಟ ಊರೋರ ಮುಂದೆ ಆಡಿ. ನಂಗೆ ಕೆಲ್ಸ ಅದೆ.”

ಅವರು ನಕ್ಕಿದ್ದು ಕೇಳಿತು. ಟಕ್ ಎಂದಿದ್ದು ಕೇಳಿತು. ಕೀಲಿ ತಿರುಗಿಸಿದ್ದೂ ಕೇಳಿತು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವರ ಮುಖ ಕಾಣುತ್ತಿತ್ತು.

*

“ಕೊಡಿ ಅಮ್ಮ, ನಾನು ತೆಗೀತೀನಿ,” ಎಂದ ಶಫೀವುಲ್ಲಾ.

“ಬ್ಯಾಡ ಅಣ್ಣ. ನಾನೇ.”

ಅವಳು ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಿದಳು. ಎಡ ಬಲವಾಗಿ, ಬಲ ಎಡವಾಗಿ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಗಂಡ ಕೂತಿದ್ದರು. ಪೇಟ ವಾಲಿತ್ತು. ಅವಳು ಹೇಳುವ ಮೊದಲೇ ಆ ಗಾಜಿನೊಳಗೆ ಒಂದು ಕೈ ಬಂತು. ಹೊಂಬಾಳಮ್ಮ ಪೇಟವನ್ನು ನೆಟ್ಟಗೆ ಮಾಡಿ, ಹೆಗಲ ವಸ್ತ್ರ ಎಳೆದು ಸರಿಮಾಡಿ, ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

ಅವರು ಯಾವಾಗಲೂ ಹೇಳುತ್ತಿದ್ದ ಮಾತೊಂದಿತ್ತು. ಅವಳ ಬಾಯಿಂದ ಅದು ಅವರದೇ ದನಿಯಲ್ಲಿ ಬಂತು.

“ಎಲ್ರೂ ಉಸ್ರು ಬಿಗಿ ಇಡ್ಕಳಿ.”

ತಮಟೆ ನಿಂತಿತು. ಅಂಕಮ್ಮನ ಅಳು ಅರ್ಧಕ್ಕೆ ನಿಂತಿತು. ನಿಂಗಯ್ಯ, ಹೊಂಬಾಳಮ್ಮ, ಬೇಲಿಯ ಬಳಿಯ ಜನ, ಎಲ್ಲರೂ ಎದೆ ತುಂಬಿಕೊಂಡು ಅಲ್ಲಾಡದೆ ನಿಂತರು. ಒಂದು ಗಳಿಗೆ ಆ ಅಂಗಳದಲ್ಲಿ ಯಾರೂ ಉಸಿರಾಡಲಿಲ್ಲ.

ಟಕ್.

ಅವಳು ಕೀಲಿ ತಿರುಗಿಸಿದಳು. ಕಿಂಡಿಯಲ್ಲಿ ಮೂರು ಬಂತು.

ಅಂಕಮ್ಮ ತಡವರಿಸಿಕೊಂಡು ಎದ್ದು ಬಂದು ಡಬ್ಬಿಯ ಕೊಂಡಿಗೆ ಕೈಹಾಕಿದಳು. “ಬಂದ್ನಾ ನನ್ ಮಗ? ಎಲ್ಲಿ, ತೋರ್ಸವ್ವ.”

ಶಿವನಂಜಮ್ಮ ಆ ಮುದಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಡಬ್ಬಿಯನ್ನು ಸೆರಗಿನಲ್ಲಿ ಎರಡು ಸುತ್ತು ಸುತ್ತಿ ಎದೆಗವಚಿಕೊಂಡಳು. ಆಗ ಅವಳಿಗೆ ಅಳು ಬಂತು.

ಚಟ್ಟ ಎತ್ತುವ ಹೊತ್ತಾಯಿತು. ಬಳೆ ತೆಗೆಯಲು ಬಂದ ಹೆಂಗಸರು, “ಕೈ ಕೊಡವ್ವ,” ಅಂದರು. ಅವಳು ಒಂದು ಕೈ ಚಾಚಿದಳು. ಇನ್ನೊಂದರ ಹೆಬ್ಬೆರಳು ಸೆರಗಿನೊಳಗೆ ಕೆಂಪು ಕಿಂಡಿಯನ್ನು ಮುಚ್ಚಿಕೊಂಡೇ ಇತ್ತು.