ಅಂಕಯ್ಯನ ಗಿಲಕಿ ಪರೀಕ್ಷೆ

ಚನ್ನಪಟ್ಟಣದ ಗೊಂಬೆ ಮಾಡುವ ಅಂಕಯ್ಯ ತನ್ನ ಮರದ ಗಿಲಕಿ ಅಲ್ಲಾಡಿಸಿದರೆ ರಾಮನಗರದ ಬಂಡೆಗಳೂ ಹೊರಳಿ ನೋಡಬೇಕು, ಅಂಥ ಸದ್ದು. ಕಡಿಮೆ ಅಂದರೂ ನಾಲ್ಕು ಲಕ್ಷ ಮಕ್ಕಳ ಅಳು ನಿಲ್ಲಿಸಿದ ಕೈ ಅದು. ಎಣಿಸಿದವನು ಅವನೇ ಆದ್ದರಿಂದ ಅನುಮಾನ ಬೇಡ.

ಇಂಥವನಿಗೆ ಬುದ್ಧಿ ಹೇಳಲು ಆಶಾ ಕಾರ್ಯಕರ್ತೆ ಧನಲಕ್ಷ್ಮಿ ಬಂದಳು. ಬಾಣಂತನಕ್ಕೆ ತವರಿಗೆ ಬಂದಿದ್ದ ಅಂಕಯ್ಯನ ಮಗಳು ಸುಚಿತ್ರಾಳ ಕೂಸು ಪುಟ್ಟಿಗೆ ಹುಟ್ಟಿದ ಮೂರನೇ ದಿನವೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದ್ದರು. ಮೆಷಿನ್ನು ಎರಡು ಕಿವಿಗೂ ಪಾಸ್ ಅಂದಿರಲಿಲ್ಲ. ತಿಂಗಳೊಳಗೆ ಮತ್ತೆ ತೋರಿಸಿ ಅಂದಿದ್ದರು.

“ತಿಂಗ್ಳಾಯ್ತಾ ಬಂತು ಅಂಕಯ್ಯಣ್ಣ. ಕಿವಿ ಕೇಳ್ದೆ ಇದ್ರೆ ಬೇಗ ಗೊತ್ತಾಗ್ಬೇಕು. ತಡ ಆದ್ರೆ ಮಾತೂ ಹಿಂದೆ ಬೀಳ್ತದೆ.”

“ಬಾಣಂತೀನ ಹೊಸ್ಲು ದಾಟ್ಸು ಅಂತ ಮೆಷಿನ್ನು ಹೇಳಿದ್ರೆ ಕೇಳ್ಬೇಕೇನವ್ವಾ? ಈಗ ನನ್ ಪರೀಕ್ಷೆ ನೋಡು!” ಅಂಕಯ್ಯ ತೊಟ್ಟಿಲ ಪಕ್ಕ ಕೆಂಪು ಗಿಲಕಿ ಅಲ್ಲಾಡಿಸಿದ. ಪುಟ್ಟಿ ಕಣ್ಣರಳಿಸಿ ಅತ್ತ ತಿರುಗಿತು. “ನೋಡ್ದಾ? ಪಾಸು!”

ಇದೇ ಚಿಂತೆಯಲ್ಲಿ ಹತ್ತು ದಿನದಿಂದ ಸರಿಯಾಗಿ ಉಣ್ಣದಿದ್ದ ಸುಚಿತ್ರಾ ಕಣ್ಣೊರೆಸಿಕೊಂಡು ನಕ್ಕಳು. ಸಂಜೆಯೊಳಗೆ ಕಾವೇರಿ ದಾಟಿ ಸುದ್ದಿ ಹೋಯಿತು: ಗಿಲಕಿ ಮೆಷಿನ್ನನ್ನು ಸೋಲಿಸಿತು!

ಎರಡು ದಿನ ಕಳೆದಿರಬೇಕು. ಸುಚಿತ್ರಾ ಬಚ್ಚಲಲ್ಲಿದ್ದಳು, ತಾಯಿ ಚಿಕ್ಕಲಕ್ಷ್ಮಮ್ಮ ಅವಳಿಗೆ ನೀರು ಹುಯ್ಯುತ್ತಿದ್ದಳು. ಪುಟ್ಟಿ ಅತ್ತಿತು. ಹೊಸ ಗಿಲಕಿಗೆ ಆಗತಾನೆ ಕೆಂಪು ಅರಗಿನ ಬಣ್ಣ ಹಚ್ಚಿದ್ದ ಅಂಕಯ್ಯ ಅದನ್ನೇ ಹಿಡಿದು ಓಡಿ ಬಂದು ಅಲ್ಲಾಡಿಸಿದ. ಮಗು ಅಳು ನಿಲ್ಲಿಸಿ ತಿರುಗಿತು. “ಪಾ...” ಅಂದವನು ಗಿಲಕಿಯನ್ನು ತನ್ನ ಕಿವಿಯ ಹತ್ತಿರ ಹಿಡಿದು ಮತ್ತೆ ಅಲ್ಲಾಡಿಸಿದ.

ಗಿಲಕಿ ಸದ್ದೇ ಮಾಡಿರಲಿಲ್ಲ. ಒಳಗೆ ಇನ್ನೂ ಕಾಳು ತುಂಬಿರಲಿಲ್ಲ.

ಕಾಳು ತುಂಬಿದ್ದೊಂದನ್ನು ತಂದು, ಪುಟ್ಟಿಗೆ ಕಾಣದ ಹಾಗೆ ತಲೆಯ ಹಿಂದೆ ಅಲ್ಲಾಡಿಸಿದ. ಬೀದಿಯ ಏಳು ನಾಯಿಗಳು ಬೊಗಳಿದವು. ಮಗು ಸೂರು ನೋಡುತ್ತ ಮಲಗಿತ್ತು. ಮೂರು ಸಲವೂ ಅಷ್ಟೇ.

ಯಾರೂ ಕಂಡಿರಲಿಲ್ಲ. ಕಾಳು ತುಂಬಿ ಮುಚ್ಚಳ ಅಂಟಿಸಿಬಿಟ್ಟಿದ್ದರೆ ಅಂಕಯ್ಯನ ಕೀರ್ತಿ ಮೂರು ಲೋಕದಲ್ಲೂ ಹಾಗೇ ಇರುತ್ತಿತ್ತು.

ಮಗಳು ತಲೆಗೆ ಬಟ್ಟೆ ಸುತ್ತಿಕೊಂಡು ಬಂದಳು. “ಸುಚಿತ್ರಾ, ಪುಟ್ಟಿ ಬಣ್ಣ ನೋಡಿ ತಿರುಗ್ತಿದ್ದಿದ್ದು ಕಣವ್ವ, ಸದ್ದಿಗಲ್ಲ. ನಾನೂ ಮೋಸ ಹೋದೆ, ನಿಂಗೂ ಮೋಸ ಮಾಡ್ಬುಟ್ಟೆ. ನಡಿ, ಈಗ್ಲೇ ಆಸ್ಪತ್ರೆಗೆ ಹೋಗವ,” ಅಂದ ಅಂಕಯ್ಯ, ನೆಲ ನೋಡುತ್ತ.

ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು. “ಹಸಿ ಬಾಣಂತಿ! ಶೀತ ಆದ್ರೆ ಏನ್ ಮಾಡೀರಿ?”

“ಕಂಬ್ಳಿ ಹೊದ್ಸು. ಖಾಸಿಂ ಆಟೋ ಕರೀತೀನಿ.”

ಆಸ್ಪತ್ರೆಯಲ್ಲಿ ಮೆಷಿನ್ನು ಈ ಸಲವೂ ಪಾಸ್ ಅನ್ನಲಿಲ್ಲ. ಪರೀಕ್ಷೆ ಮಾಡಿದ ಸುಮನಾ ಮೇಡಂ ಸುಚಿತ್ರಾಳ ಕೈ ಹಿಡಿದುಕೊಂಡರು. “ಇನ್ನೊಂದು ದೊಡ್ಡ ಟೆಸ್ಟ್ ಮಾಡ್ಬೇಕು, ಆಮೇಲೇ ಖಚಿತ. ಕೇಳೋದು ಕಡಿಮೆ ಅಂತಾದ್ರೂ ಆರು ತಿಂಗಳೊಳಗೆ ಕಿವಿಗೆ ಮೆಷಿನ್ ಹಾಕಿದ್ರೆ ಮಾತು ಕಲಿಯೋಕೆ ತುಂಬಾ ಸಹಾಯ ಆಗುತ್ತೆ. ಒಳ್ಳೇ ಹೊತ್ತಿಗೆ ಬಂದಿದ್ದೀರಿ. ಮನೇಲಿ ಯಾರು ಗಮನಿಸಿದ್ದು?”

ಅಂಕಯ್ಯ ಕಿಟಕಿಯ ಕಡೆ ತಿರುಗಿದ.

“ನಮ್ಮಪ್ಪ,” ಅಂದಳು ಸುಚಿತ್ರಾ. ಪುಟ್ಟಿಯನ್ನು ಅವನ ತೊಡೆಯ ಮೇಲೆ ಮಲಗಿಸಿ, ದೊಡ್ಡ ಟೆಸ್ಟಿನ ದಿನ ಬರೆಸಿಕೊಳ್ಳಲು ಎದ್ದಳು.