ಭಂಡಾರದ ಡಬ್ಬಿ

ದೀಪಾಲಿಯ ಕಾಯಿಲೆಗೆ ಮನೆಯಲ್ಲಿ ಹೆಸರಿಗೇನೂ ಕೊರತೆಯಿರಲಿಲ್ಲ. ಗಂಡ ಮಾಂತು ಅದನ್ನು ‘ಟೆನ್ಶನ್’ ಎನ್ನುತ್ತಿದ್ದ. ಅತ್ತೆ ಶಿವಬಸವ್ವ ‘ಸೊಕ್ಕು’ ಎನ್ನುತ್ತಿದ್ದರು. ಖಿನ್ನತೆ ಎಂದವರು ಡಾಕ್ಟರ್ ಒಬ್ಬರೇ. ಪಾಪ, ಓದಿದವರಿಗೆ ಏನು ಗೊತ್ತಾಗುತ್ತದೆ!

ಡಾಕ್ಟರು ಕೊಟ್ಟ ಗುಳಿಗೆ ಐದಾರು ವಾರಕ್ಕೆ ಕೆಲಸ ಮಾಡಿತು. ಗೋಡೆ ನೋಡುತ್ತ ಮಲಗಿದ್ದವಳು ಎದ್ದು ತಲೆ ಬಾಚಿಕೊಂಡಳು, ರೊಟ್ಟಿ ಬಡಿದಳು, ಒಂದು ದಿನ ನಕ್ಕೂಬಿಟ್ಟಳು. ನಡುವೆ ಎಲ್ಲರೂ ಜೇಜುರಿ ಯಾತ್ರೆಗೆ ಹೋಗಿ ಬಂದಿದ್ದರಿಂದ ಕೀರ್ತಿಯೆಲ್ಲ ಅಲ್ಲಿಯ ಖಂಡೋಬನ ಪಾಲಾಯಿತು. ದೇವರೇನೂ ಕೇಳಿರಲಿಲ್ಲ.

“ಖಂಡೋಬಾ ಕಣ್ಣ ತೆರದಾನ. ಇನ್ನ ಆ ಹುಚ್ಚಿನ ಗುಳಿಗಿ ಯಾಕ ಬೇಕ?” ಎಂದು ಶಿವಬಸವ್ವ ಗುಳಿಗೆಯ ಪಾಕೀಟನ್ನೇ ಕಸಕ್ಕೆ ಹಾಕಿದರು. ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಚೀಲಕ್ಕೆ ಕೈಹಾಕಿ ಒಳ್ಳೆಯದು ಕೆಟ್ಟದ್ದು ಹೇಳಬಲ್ಲ ಜಾಣ ಮಾಂತು, ತಾಯಿಯ ಎದುರು ಪೇಪರ್ ಓದಿದ.

ಮೂರನೆಯ ದಿನ ದೀಪಾಲಿಯ ತಲೆಯೊಳಗೆ ಕರೆಂಟು ಹೊಡೆದಂತಾಯಿತು. ತಲೆ ತಿರುಗಿತು, ನಿದ್ದೆ ಹೋಯಿತು, ಸುಮ್ಮಸುಮ್ಮನೆ ಅಳು ಬಂತು. ಹೆದರಿ ಡಾಕ್ಟರ ಹತ್ತಿರ ಓಡಿದಳು. ಆರಾಮಾದ ಮೇಲೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಬಿಡುವಾಗ ತಮ್ಮನ್ನು ಕೇಳಿ ನಿಧಾನವಾಗಿ ಇಳಿಸಬೇಕು ಎಂದು ಅವರು ಗದರಿ ಮತ್ತೆ ಬರೆದುಕೊಟ್ಟರು.

ಆದರೆ ಶಿವಬಸವ್ವ ಕೈಯಾಡಿಸದ ಜಾಗ ಆ ಮನೆಯಲ್ಲಿ ಎಲ್ಲಿದೆ? ದೀಪಾಲಿ ಯೋಚಿಸಿ, ಜೇಜುರಿಯಿಂದ ತಂದ ಭಂಡಾರದ ಡಬ್ಬಿಯ ತಳಕ್ಕೆ ಗುಳಿಗೆ ಸೇರಿಸಿ, ಮೇಲೆ ಆ ದೇವರ ಅರಿಷಿಣದ ಪೊಟ್ಟಣ ಇಟ್ಟಳು. ದಿನಾ ನಾಷ್ಟಾ ಮುಗಿಸಿ ದೇವರಮನೆಗೆ ಹೋಗುವುದು, ಬಾಗಿಲಿಗೆ ಬೆನ್ನು ಹಾಕುವುದು, ಹಣೆಗೆ ಭಂಡಾರ, ಬಾಯಿಗೆ ಗುಳಿಗೆ. ಸೊಸೆಯ ಭಕ್ತಿಯನ್ನು ಅತ್ತೆ ಬಿಲ್ಡಿಂಗಿಗೆಲ್ಲ ಸಾರಿದರು.

ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಗುಳಿಗೆ ನುಂಗಿ ತಿರುಗಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇದೂ ಕಸಕ್ಕೆ ಹೋದರೆ ಮತ್ತೆ ಆ ಗೋಡೆಯೇ ಗತಿ.

ಶಿವಬಸವ್ವ ಕೈ ಚಾಚಿದರು.

“ಆ ಭಂಡಾರ ನನಗೂ ಒಂದ ಕೊಡವಾ. ನಿಮ್ಮ ಮಾವ ಹೋಗಿ ಆರು ವರ್ಷಾತು. ನನಗೂ ಗ್ವಾಡಿ ಬಿಟ್ರ ಏನೂ ಕಾಣವಲ್ದು.”

ಆರು ವರ್ಷದ ಸೊಕ್ಕು! ದೀಪಾಲಿಗೆ ಸಿಟ್ಟೂ ಬಂತು, ಮರುಕವೂ ಬಂತು. ಡಬ್ಬಿಯ ಮುಚ್ಚಳ ಹಾಕಿದಳು.

“ನಂದು ನಿಮಗ ನಡಿಯೂದಿಲ್ರಿ ಅತ್ತಿ, ನಿಮಗ ಬಿಪಿ ಗುಳಿಗಿ ಬ್ಯಾರೆ ಅದಾವ. ಸೀರಿ ಉಟ್ಕೋರಿ, ಗುಳಿಗಿ ಕೊಟ್ಟ ದೇವರ ಕಡೆನ ಹೋಗೂಣು.”

“ಮಾಂತೂಗ ಏನ ಹೇಳೂದ?”

“ಜೇಜುರಿಗೆ ಹೊಂಟೀವಿ ಅನ್ರಿ.”