ಮತ್ತ ಹಾಗಲಕಾಯಿ ತಂದಾಗ

ನಾಗಪುರದ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ಭೀಮಪ್ಪನವರೇ ಅಡ್ಮಿನ್. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಎರಡೇ ಕೆಲಸ. ಬೆಳಗ್ಗೆ ಕಳಮನಾ ಮಾರುಕಟ್ಟೆಗೆ ಹೋಗಿ ಯಾವ ತರಕಾರಿ ಚೆನ್ನಾಗಿ ಬಂದಿದೆ ಎಂದು ಗ್ರೂಪಿಗೆ ತಿಳಿಸುವುದು, ಬಳಗದಲ್ಲಿ ಯಾರಾದರೂ ತೀರಿಕೊಂಡರೆ ಮಾರುದ್ದ ಸಂತಾಪ ಬರೆಯುವುದು. ಎರಡರಲ್ಲೂ ತಮ್ಮನ್ನು ಬಿಟ್ಟರೆ ಬೇರೊಬ್ಬರಿಲ್ಲ ಎಂಬ ಹಮ್ಮು ಬೇರೆ.

ಹೋದ ತಿಂಗಳು ಮನೀಶ್ ನಗರದ ರಚನಾಳ ತಾಯಿ ತೀರಿಕೊಂಡಾಗಲೂ ಎರಡು ಪುಟ ಬರೆದಿದ್ದರು. ಎಲ್ಲರೂ ಕೈಮುಗಿದ ಚಿತ್ರ ಒತ್ತಿ ಮುಂದೆ ಹೋದರು. ತಾಯಿ ಮಗಳು ಇಬ್ಬರೇ ಇದ್ದ ಮನೆ ಅದು, ಪಾಪ.

ಆ ರಚನಾ ಭಾನುವಾರ ಗ್ರೂಪಿನಲ್ಲಿ ಮೂರೇ ಮಾತು ಬರೆದಳು: "ಮತ್ತ ಹಾಗಲಕಾಯಿ ತಂದಾಗ..."

ಭೀಮಪ್ಪನವರು ತಡಮಾಡಲಿಲ್ಲ. "ಉಪ್ಪು ಹಚ್ಚಿ ಹಿಂಡವಾ, ಕಹಿ ಹೋಗ್ತೈತಿ. ಕಳಮನಾದಾಗ ಎಳೀವು ಬಂದಾವು, ಜಲ್ದಿ ಹೋಗು" ಎಂದು ಬರೆದು ನಗುವ ಮುಖವನ್ನೂ ಅಂಟಿಸಿದರು. ಬೆನ್ನಿಗೇ ಮೂವರು ಪಲ್ಯ ಮಾಡುವ ಬಗೆ ಹೇಳಿದರು. ಐದು ನಿಮಿಷದಲ್ಲಿ ರಚನಾ ಗ್ರೂಪ್ ಬಿಟ್ಟಳು.

"ಏನಾತು ಈ ಹುಡುಗಿಗೆ?" ಎಂದು ಭೀಮಪ್ಪನವರು ಹೆಂಡತಿ ಗೌರಮ್ಮನ ಮುಂದೆ ಫೋನ್ ಹಿಡಿದರು.

ಓದಿದ್ದೇ ತಡ, ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಕಿ ಹಾಗಲಕಾಯಿ ತಿನ್ನಾಂಗಿಲ್ರೀ. ಸಕ್ಕರಿ ಬ್ಯಾನಿ ಇದ್ದ ಅವ್ವಗಂತ ವಾರಾ ವಾರಾ ತರ್ತಿದ್ಲು. ಅವ್ವ ಹೋದ್ರೂ ಕೈ ರೂಢಿ ಬಿಟ್ಟಿಲ್ಲ. ನೀವು ನೋಡಿದ್ರ ಉಪ್ಪು ಹಚ್ಚಂತೀರಿ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಭೀಮಪ್ಪನವರಿಗೆ. ಮತ್ತೊಮ್ಮೆ ಓದಿದರು. ಮುಂದೇನಾಯಿತೆಂದು ಹೇಳದೆಯೇ ಹುಡುಗಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ತಮ್ಮ ಎರಡು ಪುಟಗಳಲ್ಲಿ ಆ ತಾಯಿ ಎಲ್ಲೂ ಇರಲಿಲ್ಲ, ಈ ಮೂರು ಮಾತಿನಲ್ಲಿ ಇದ್ದರು. ಎಂಥ ಬರವಣಿಗೆ ಎಂದು ಮನಸ್ಸು ತಲೆಬಾಗಿತು. ಇಷ್ಟು ನಂಬಿ ಹೇಳಿಕೊಂಡವಳನ್ನು ಕಳೆದುಕೊಂಡೆನಲ್ಲ ಎಂದುಕೊಂಡರು.

ಕ್ಷಮೆ ಕೇಳಲು ಕೂತರು. "ಚಿರಂಜೀವಿ ರಚನಾಗೆ ಆಶೀರ್ವಾದಗಳು" ಎಂದು ಶುರುವಾದದ್ದು ಫೋನಿನ ತುಂಬ ಹರಡಿತು. ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ಸಂಜೆಯ ಹೊತ್ತಿಗೆ ಉಳಿದದ್ದನ್ನು ಅವಳೊಬ್ಬಳಿಗೇ ಕಳಿಸಿದರು: "ತಪ್ಪಾತು ಅನ್ನಾಕ ಇಡೀ ದಿನಾ ಬೇಕಾದಾಗ..."

ನೀಲಿ ಟಿಕ್ ಬಿತ್ತು. ಆಮೇಲೆ ಬಂತು: "ಕಾಕಾ, ಯಾರರೆ ಊಟಕ್ಕ ಕರೀತಾರೇನಂತ ಕುಂತಾಗ..."

ಭೀಮಪ್ಪನವರು ಈ ಸಲ ಫೋನ್ ಕೆಳಗಿಟ್ಟರು. ಸ್ಕೂಟರಿನ ಕೀಲಿ ತೆಗೆದುಕೊಂಡು, ಚಪ್ಪಲಿ ಮೆಟ್ಟುತ್ತಲೇ, "ಗೌರಾ, ರೊಟ್ಟಿ ಬಡಿ, ಆಕೀನ್ನ ಕರ್ಕೊಂಡು ಬರ್ತೀನಿ" ಎಂದು ಕೂಗಿ ಹೊರಟರು.